ಹೆಸರು ಹೇಳದೆ ಪೊಲೀಸರಿಗೆ ಸುಳಿವು ಕೊಟ್ಟರೆ ಗುಟ್ಟು ಉಳಿಯುತ್ತದೆಯೇ?

ಪ್ರಶ್ನೆ: ನಾವು ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿದ್ದೇವೆ. ಎದುರಿನ ಮನೆಗೆ ಕೆಲವು ತಿಂಗಳಿಂದ ಕತ್ತಲಾದ ಮೇಲೆ ಬೈಕುಗಳು ಬಂದು ಹೋಗುತ್ತವೆ. ಬಂದವರು ಒಳಗೆ ಹೋಗುವುದಿಲ್ಲ. ಗೇಟಿನ ಹತ್ತಿರ ಎರಡು ನಿಮಿಷ ನಿಂತು, ಏನೋ ಕೊಟ್ಟು, ಏನೋ ತೆಗೆದುಕೊಂಡು ಹೊರಡುತ್ತಾರೆ. ಹೈಸ್ಕೂಲ್ ವಯಸ್ಸಿನ ಹುಡುಗರೂ ಬರುತ್ತಾರೆ, ಅವರಲ್ಲೊಬ್ಬ ನನ್ನ ಮಗನ ಸಹಪಾಠಿ. ಮಾದಕ ವಸ್ತು ಮಾರುತ್ತಿರಬಹುದೆಂದು ನನ್ನ ಅನುಮಾನ. ನಮ್ಮ ಯಜಮಾನರು, ‘ನಮಗ್ಯಾಕೆ ಬೇಕು ಊರ ಉಸಾಬರಿ? ನಾಳೆ ಅವರು ನಮ್ಮ ಮನೆ ಬಾಗಿಲಿಗೇ ಬಂದರೆ?’ ಎನ್ನುತ್ತಾರೆ. ಹೆಸರು ಹೇಳದೆ ಸುಳಿವು ಕೊಡುವ ಸಹಾಯವಾಣಿಗಳಿವೆ ಎಂದು ಕೇಳಿದ್ದೇನೆ. ಫೋನ್ ಮಾಡಿದರೆ ನಮ್ಮ ನಂಬರ್ ಅವರಿಗೆ ಗೊತ್ತಾಗುವುದಿಲ್ಲವೇ? ನನ್ನ ಅನುಮಾನ ತಪ್ಪಾಗಿದ್ದರೆ ನನ್ನ ಮೇಲೆಯೇ ಕೇಸ್ ಆಗುತ್ತದೆಯೇ? ಕೋರ್ಟಿಗೆ ಅಲೆಯಬೇಕಾಗುತ್ತದೆಯೇ? ಇದರ ನಡುವೆ ನಮ್ಮ ನಿವಾಸಿಗಳ ಸಂಘದವರು, ಯಾರು ಬೇಕಾದರೂ ಚೀಟಿ ಬರೆದು ಹಾಕಲಿ ಎಂದು ಗೇಟಿನ ಬಳಿ ಒಂದು ಪೆಟ್ಟಿಗೆ ಇಡಲು, ಅನುಮಾನ ಬಂದದ್ದನ್ನು ಹಂಚಿಕೊಳ್ಳಲು ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಲು ಹೊರಟಿದ್ದಾರೆ. ಇದು ಸುರಕ್ಷಿತವೇ?
– ಹೆಸರು ಬೇಡ

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಅವುಗಳ ಹಿಂದಿರುವ ಭಯ ಒಂದೇ. ಹೇಳಿದ್ದು ನೀವೇ ಎಂದು ಎದುರು ಮನೆಯವರಿಗೆ ತಿಳಿದುಬಿಟ್ಟರೆ ಏನು ಗತಿ? ಸುಳಿವು ಸ್ವೀಕರಿಸುವ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ, ಆಮೇಲೆ ನಾಗರಿಕ ಸಂಘಗಳಿಗೆ ಇಂಥ ವ್ಯವಸ್ಥೆ ಕಟ್ಟಿಕೊಡುವ ಕೆಲಸ ಮಾಡಿದ ನನಗೆ ಈ ಭಯದ ಪರಿಚಯ ಚೆನ್ನಾಗಿದೆ. ಕರೆ ಮಾಡಿದವರಲ್ಲಿ ಬಹಳಷ್ಟು ಮಂದಿ ವಿಷಯ ಹೇಳುವ ಮೊದಲು ಕೇಳುತ್ತಿದ್ದುದೇ ಇದನ್ನು.

ನಿಮ್ಮ ಯಜಮಾನರನ್ನು ಹೇಡಿ ಎನ್ನಬೇಡಿ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಒಂದು ಮನೆಗೆ ಬೆಂಕಿ ಇಟ್ಟರು. ತಂದೆ, ತಾಯಿ, ಐವರು ಮಕ್ಕಳು, ಏಳೂ ಜನ ಸತ್ತರು. ಆ ತಾಯಿ ತನ್ನ ಬೀದಿಯ ಮಾದಕ ವಸ್ತು ವ್ಯಾಪಾರದ ಬಗ್ಗೆ ಪೊಲೀಸರಿಗೆ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಕೊಡುತ್ತಿರುವವರು ಯಾರು ಎನ್ನುವುದು ಆ ಬೀದಿಯಲ್ಲಿ ಗುಟ್ಟಾಗಿರಲಿಲ್ಲ. ಇಂಥದ್ದು ಅಪರೂಪ, ಆದರೆ ಕಟ್ಟುಕತೆಯಲ್ಲ. ಹೆಸರು ಹೇಳದೆ ಸುಳಿವು ಕೊಡುವ ವ್ಯವಸ್ಥೆಗಳು ಹುಟ್ಟಿಕೊಂಡಿರುವುದೇ ಈ ಭಯಕ್ಕೆ ಮರ್ಯಾದೆ ಕೊಟ್ಟು.

ಅವುಗಳಲ್ಲಿ ಹೆಸರುವಾಸಿಯಾದ ಒಂದು ಹುಟ್ಟಿದ್ದು 1976ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಗುಂಡಿಟ್ಟು ಕೊಂದಿದ್ದರು. ತನಿಖೆ ಎಲ್ಲಿಗೂ ಮುಟ್ಟಲಿಲ್ಲ. ಗ್ರೆಗ್ ಮ್ಯಾಕ್‌ಅಲೀಸ್ ಎಂಬ ಪತ್ತೇದಾರಿ ಅಧಿಕಾರಿ ಸ್ಥಳೀಯ ಟಿವಿ ವಾಹಿನಿಯವರನ್ನು ಒಪ್ಪಿಸಿ ಆ ಘಟನೆಯನ್ನು ನಟರಿಂದ ಮಾಡಿಸಿ ತೋರಿಸಿದರು, ಹೆಸರು ಹೇಳಬೇಕಿಲ್ಲ ಎಂದು ಭರವಸೆ ಕೊಟ್ಟರು. ಕರೆ ಮಾಡಿದ ವ್ಯಕ್ತಿ ಕೊಲೆ ನೋಡಿರಲಿಲ್ಲ. ಆ ರಾತ್ರಿ ಒಂದು ದೊಡ್ಡ ಸದ್ದು ಕೇಳಿದ್ದು, ಒಂದು ಕಾರು ವೇಗವಾಗಿ ಹೋದದ್ದು ಅವನ ನೆನಪಿನಲ್ಲಿತ್ತು, ಅಷ್ಟೇ. ‘ಇದರಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ’ ಎಂದು ಅಲ್ಲಿಯವರೆಗೆ ಸುಮ್ಮನಿದ್ದ. ಅಷ್ಟರಿಂದಲೇ ಕೆಲವೇ ದಿನಗಳಲ್ಲಿ ಪ್ರಕರಣ ಬಗೆಹರಿಯಿತು. ‘ನನ್ನ ಹತ್ತಿರ ಸಾಕ್ಷ್ಯ ಇಲ್ಲ, ಹೇಳಿ ಏನು ಪ್ರಯೋಜನ’ ಎನ್ನುವವರಿಗೆ ನಾನು ಈ ಪ್ರಸಂಗ ಹೇಳುತ್ತೇನೆ. ನಿಮ್ಮ ಬಳಿ ಇರಬೇಕಾದದ್ದು ಇಡೀ ಕತೆಯಲ್ಲ, ಒಂದು ತುಣುಕು. ಉಳಿದ ತುಣುಕುಗಳು ಪೊಲೀಸರ ಬಳಿ ಆಗಲೇ ಇರಬಹುದು.

ಅಲ್ಲಿಂದ ಈ ಕಲ್ಪನೆ ‘ಕ್ರೈಮ್ ಸ್ಟಾಪರ್ಸ್’ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹರಡಿತು. ಬ್ರಿಟನ್ನಿನಲ್ಲಿ 1988ರಿಂದ ಅದು ಪೊಲೀಸ್ ಇಲಾಖೆಯ ಭಾಗವಾಗಿರದ ಸ್ವತಂತ್ರ ಸಂಸ್ಥೆ. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 1995ರಿಂದ ‘ಡಿಸ್ಕಿ ಡೆನುನ್ಸಿಯಾ’ ನಡೆಯುತ್ತಿದೆ. ಕರೆ ಸ್ವೀಕರಿಸುವವರು ಒಂದು ಕಡೆ, ತನಿಖೆ ಮಾಡುವವರು ಇನ್ನೊಂದು ಕಡೆ ಇರಬೇಕೆಂಬುದು ಇಂಥ ವ್ಯವಸ್ಥೆಗಳ ಅಡಿಪಾಯ. ಬರೀ ‘ನಾವು ಯಾರಿಗೂ ಹೇಳುವುದಿಲ್ಲ’ ಎನ್ನುವ ಮಾತಿನ ಮೇಲೆ ಅವು ನಿಂತಿಲ್ಲ. ಹೇಳಲು ಏನೂ ಉಳಿಯದಂತೆ ಮಾಡುವುದೇ ಅವುಗಳ ಉಪಾಯ.

ಈಗ ನಂಬರಿನ ವಿಷಯ. ಸರಿಯಾಗಿ ನಡೆಯುವ ವ್ಯವಸ್ಥೆಯಲ್ಲಿ ಕರೆ ಮಾಡಿದವರ ನಂಬರ್ ಪರದೆಯ ಮೇಲೆ ಬರುವುದಿಲ್ಲ, ಕರೆ ಧ್ವನಿಮುದ್ರಣವಾಗುವುದಿಲ್ಲ, ಹೆಸರು ಕೇಳುವುದಿಲ್ಲ. ನೀವಾಗಿ ಹೆಸರು ಹೇಳಿದರೂ ಬರೆದುಕೊಳ್ಳುವುದಿಲ್ಲ. ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಆ್ಯಪ್ ಅಥವಾ ಜಾಲತಾಣದ ಮೂಲಕವಾದರೆ, ನಿಮ್ಮ ಫೋನಿನ ಗುರುತು ಪೊಲೀಸರಿಗೆ ತಲುಪದಂತೆ ನಡುವೆಯೇ ಅಳಿಸಿ, ಅದೇ ಸಂಖ್ಯೆಯ ಮೂಲಕ ಅವರು ಮರುಪ್ರಶ್ನೆ ಕೇಳುವ ಅನುಕೂಲವನ್ನೂ ಮಾಡಿರುತ್ತಾರೆ.

ಆದರೆ ಇಲ್ಲೊಂದು ಗೊಂದಲವಿದೆ, ಜನ ಎಡವುವುದು ಬಹಳ ಸಲ ಇಲ್ಲಿಯೇ. ತುರ್ತು ಸಹಾಯವಾಣಿ ಬೇರೆ, ಅನಾಮಧೇಯ ಸುಳಿವಿನ ಸಹಾಯವಾಣಿ ಬೇರೆ. ತುರ್ತು ಸಹಾಯವಾಣಿಗೆ ಕರೆ ಮಾಡಿದವರ ನಂಬರ್ ಕಾಣಲೇಬೇಕು, ಕರೆ ದಾಖಲಾಗಲೇಬೇಕು. ನಡುವೆ ಕರೆ ಕಡಿದುಹೋದರೆ ಅವರನ್ನು ಹುಡುಕಿಕೊಂಡು ಹೋಗುವುದು ಹೇಗೆ? ‘ಅನಾಮಧೇಯ’ ಎಂದು ತಿಳಿದು ಅಲ್ಲಿಗೆ ಕರೆ ಮಾಡಿ ಆಮೇಲೆ ಕಂಗಾಲಾದವರನ್ನು ನೋಡಿದ್ದೇನೆ. ಸ್ಥಳೀಯ ಠಾಣೆಯ ಸ್ಥಿರ ದೂರವಾಣಿಯೂ ಅನಾಮಧೇಯ ವ್ಯವಸ್ಥೆಯಲ್ಲ. ಯಾವ ಸಹಾಯವಾಣಿಯನ್ನೇ ಆಗಲಿ ಬಳಸುವ ಮೊದಲು ಮೂರು ಪ್ರಶ್ನೆಗೆ ಉತ್ತರ ಹುಡುಕಿ: ಕರೆ ಸ್ವೀಕರಿಸುವವರು ಯಾರು, ಕರೆ ದಾಖಲಾಗುತ್ತದೆಯೇ, ಪೊಲೀಸರಿಗೆ ಹೋಗುವ ಕಾಗದದಲ್ಲಿ ಏನೇನಿರುತ್ತದೆ. ಇವಕ್ಕೆ ಸ್ಪಷ್ಟ ಉತ್ತರ ಕೊಡದ ವ್ಯವಸ್ಥೆಯನ್ನು ಅನಾಮಧೇಯವೆಂದು ನಂಬಬೇಡಿ. ಇನ್ನು, ಈ ಕ್ಷಣ ಯಾರದಾದರೂ ಜೀವ ಅಪಾಯದಲ್ಲಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಗುಟ್ಟಿನ ಲೆಕ್ಕ ಬಿಟ್ಟು ತುರ್ತು ಸಂಖ್ಯೆಗೇ ಕರೆ ಮಾಡಿ. ಸುಳಿವಿನ ಸಹಾಯವಾಣಿಯಿಂದ ಆ ಗಳಿಗೆಯಲ್ಲಿ ಗಸ್ತಿನ ವಾಹನ ಓಡಿಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗುಟ್ಟು ಒಡೆಯುವುದುಂಟು. ಹೇಗೆ ಗೊತ್ತೇ? ಯಂತ್ರದಿಂದ, ಅಧಿಕಾರಿಯಿಂದ ಒಡೆದದ್ದನ್ನು ನಾನು ಕಂಡದ್ದು ಕಡಿಮೆ. ಹೆಚ್ಚಿನ ಸಲ ಅದು ಒಡೆಯುವುದು ಸುಳಿವು ಕೊಟ್ಟವರ ಬಾಯಿಂದ, ಅಥವಾ ಸುಳಿವಿನ ಒಳಗಿನಿಂದಲೇ.

ಬಾಯಿಂದ ಹೇಗೆ ಎನ್ನುವುದನ್ನು ವಿವರಿಸಬೇಕಿಲ್ಲ. ‘ನಿಮಗೆ ಮಾತ್ರ ಹೇಳುತ್ತೇನೆ’ ಎಂದು ತಂಗಿಗೆ, ತಂಗಿಯಿಂದ ಅವಳ ಗೆಳತಿಗೆ. ಸುಳಿವಿನ ಒಳಗಿನಿಂದ ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಕಿಟಕಿಯಿಂದ ಒಂದು ಫೋಟೊ ತೆಗೆದು ಕಳಿಸಿದಿರಿ ಎನ್ನಿ. ಗೇಟು, ಮರ, ಮನೆಯ ಮೂಲೆ ಯಾವ ಕೋನದಲ್ಲಿ ಕಾಣುತ್ತವೆ ಎಂಬುದನ್ನು ನೋಡಿದರೆ ಅದು ಯಾವ ಕಟ್ಟಡದ ಯಾವ ಮಹಡಿಯಿಂದ ತೆಗೆದದ್ದು ಎಂದು ಮಗುವೂ ಹೇಳುತ್ತದೆ. ಚಿತ್ರದ ಕಡತದೊಳಗೆ ತೆಗೆದ ಸ್ಥಳ, ಸಮಯ ಅಡಗಿರುವುದು ಬೇರೆ. ‘ನಿನ್ನೆ ನಾನು ಲಿಫ್ಟಿನಲ್ಲಿದ್ದಾಗ ಅವನು ಫೋನಿನಲ್ಲಿ ಹೀಗೆ ಹೇಳಿದ’ ಎಂದು ಬರೆದರೆ, ಆ ಲಿಫ್ಟಿನಲ್ಲಿ ಇದ್ದವರು ಇಬ್ಬರೇ ಆಗಿದ್ದರೆ, ಹೆಸರು ಬರೆದಷ್ಟೇ ಆಯಿತು. ಪಾರ್ಕಿಂಗ್ ವಿಚಾರಕ್ಕೆ ಅವರೊಂದಿಗೆ ಜಗಳವಾಡಿದ ಮಾರನೆಯ ದಿನವೇ ಪೊಲೀಸರು ಅವರ ಬಾಗಿಲಿಗೆ ಹೋದರೆ ಅವರು ಮೊದಲು ನೆನೆಯುವುದು ನಿಮ್ಮನ್ನೇ. ಆದ್ದರಿಂದ ಪ್ರತಿ ವಿವರವನ್ನೂ ಹೇಳುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ನನ್ನ ಬಿಟ್ಟು ಇನ್ನೆಷ್ಟು ಜನಕ್ಕೆ ಗೊತ್ತಿರಬಹುದು? ಒಬ್ಬಿಬ್ಬರಿಗೆ ಮಾತ್ರ ಎಂದಾದರೆ ಅದನ್ನು ಬಿಟ್ಟುಬಿಡಿ. ಬಿಡಲಾಗದಷ್ಟು ಮುಖ್ಯವಾಗಿದ್ದರೆ, ‘ಇದನ್ನು ಬಳಸಿದರೆ ನಾನು ಯಾರೆಂದು ಗೊತ್ತಾಗುತ್ತದೆ’ ಎಂದು ಕರೆ ಸ್ವೀಕರಿಸಿದವರಿಗೆ ಬಾಯಿಬಿಟ್ಟು ಹೇಳಿ. ಅನುಭವವಿರುವವರು ಅದನ್ನು ಹೇಗೆ ದಾಟಿಸಬೇಕೆಂದು ಬಲ್ಲರು. ಮನೆಯವರೆಲ್ಲ ನೋಡುವ ಫೋನಿನಿಂದ, ಕಚೇರಿಯ ಕಂಪ್ಯೂಟರಿನಿಂದ ಈ ಕೆಲಸ ಮಾಡಬೇಡಿ.

ಸಣ್ಣ ವಿವರವೂ ಗುರುತು ಬಿಟ್ಟುಕೊಡಬಲ್ಲದು ಎಂಬುದನ್ನು ನ್ಯಾಯಾಲಯಗಳೂ ಒಪ್ಪಿವೆ. ಕೆನಡಾದಲ್ಲಿ ನೆಲಮಾಳಿಗೆಯಲ್ಲಿ ಗಾಂಜಾ ಬೆಳೆಯುತ್ತಿದ್ದಾರೆಂಬ ಅನಾಮಧೇಯ ಸುಳಿವಿನಿಂದ ಶುರುವಾದ ಲೈಪರ್ಟ್ ಪ್ರಕರಣದಲ್ಲಿ, ಆರೋಪಿ ಆ ಸುಳಿವಿನ ಹಾಳೆಯನ್ನೇ ಕೊಡಿ ಎಂದು ಕೇಳಿದ. ಗುರುತಾಗುವಂಥದ್ದನ್ನು ಅಳಿಸಿ ಕೊಡಬಹುದು ಎಂದು ವಿಚಾರಣಾ ನ್ಯಾಯಾಧೀಶರು ಭಾವಿಸಿದ್ದರು. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸುಳಿವು ಕೊಟ್ಟವರು ಯಾರೆಂದೇ ಗೊತ್ತಿಲ್ಲದಿರುವಾಗ ಯಾವ ವಿವರ ಅವರನ್ನು ತೋರಿಸಿಕೊಡುತ್ತದೆ ಎಂದು ತಿಳಿಯುವುದಾದರೂ ಹೇಗೆ? ಆದ್ದರಿಂದ ಹಾಳೆ ಕೊಡುವಂತಿಲ್ಲ ಎಂದಿತು. ಆರೋಪಿ ನಿರಪರಾಧಿ ಎಂದು ತೋರಿಸಲು ಅದು ಬೇಕೇ ಬೇಕು ಎನ್ನುವ ಸಂದರ್ಭ ಮಾತ್ರ ಇದಕ್ಕೆ ಹೊರತು. ಭಾರತದಲ್ಲಿ 1872ರ ಸಾಕ್ಷ್ಯ ಕಾಯ್ದೆಯ 125ನೇ ಸೆಕ್ಷನ್ ಇಂಥದ್ದೇ ರಕ್ಷಣೆ ಕೊಟ್ಟಿತ್ತು. ಅಪರಾಧದ ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವಂತಿರಲಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ರಕ್ಷಣೆ ಮುಂದುವರಿದಿದೆ.

ಹಾಗಾದರೆ ಏನು ಹೇಳಬೇಕು? ‘ಎದುರು ಮನೆಯವರು ಡ್ರಗ್ಸ್ ಮಾರುತ್ತಾರೆ’ ಎಂದಷ್ಟೇ ಹೇಳಿದರೆ ಅದು ಮೂಗರ್ಜಿಯಷ್ಟೇ. ಪೊಲೀಸರು ಅದರ ಮೇಲೆ ಮನೆ ಶೋಧಿಸುವಂತಿಲ್ಲ, ಶೋಧಿಸಲೂ ಬಾರದು. ಅಮೆರಿಕದ ಮಯಾಮಿಯಲ್ಲಿ ‘ಬಸ್ ನಿಲ್ದಾಣದಲ್ಲಿ ಚೌಕುಳಿ ಅಂಗಿ ತೊಟ್ಟ ಕಪ್ಪು ವರ್ಣದ ಹುಡುಗನ ಬಳಿ ಬಂದೂಕಿದೆ’ ಎಂದು ಯಾರೋ ಕರೆ ಮಾಡಿದರು. ಪೊಲೀಸರು ಹೋಗಿ ತಡಕಿದರು, ಬಂದೂಕು ಸಿಕ್ಕಿತು. ಆದರೂ ಅಲ್ಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಆ ಶೋಧ ಕಾನೂನುಬಾಹಿರ ಎಂದಿತು. ಅಂಗಿಯ ಬಣ್ಣ ದಾರಿಹೋಕರಿಗೆಲ್ಲ ಕಾಣುತ್ತದೆ. ಅದನ್ನು ಸರಿಯಾಗಿ ಹೇಳಿದ ಮಾತ್ರಕ್ಕೆ ಅಂಗಿಯೊಳಗೆ ಏನಿದೆ ಎಂಬುದು ಕರೆ ಮಾಡಿದವರಿಗೆ ಗೊತ್ತಿತ್ತು ಎಂದಾಗುವುದಿಲ್ಲ. ಇದಕ್ಕೆ ಎದುರಾಗಿ 1978ರಲ್ಲಿ ಇಲಿನಾಯ್ ರಾಜ್ಯದ ಒಂದು ಊರಿನ ಪೊಲೀಸರಿಗೆ ಬಂದ ಅನಾಮಧೇಯ ಪತ್ರದಲ್ಲಿ, ಒಬ್ಬ ಮಹಿಳೆ ಇಂಥ ದಿನ ಕಾರು ಓಡಿಸಿಕೊಂಡು ಫ್ಲಾರಿಡಾಕ್ಕೆ ಹೋಗುತ್ತಾಳೆ, ಆಮೇಲೆ ಗಂಡ ವಿಮಾನದಲ್ಲಿ ಹೋಗಿ ಆ ಕಾರನ್ನು ವಾಪಸ್ ತರುತ್ತಾನೆ, ಡಿಕ್ಕಿಯಲ್ಲಿ ಮಾಲಿರುತ್ತದೆ ಎಂದು ಬರೆದಿತ್ತು. ಪೊಲೀಸರು ಸುಮ್ಮನೆ ಹಿಂಬಾಲಿಸಿ ನೋಡಿದರು. ಬಹುಪಾಲು ಹಾಗೆಯೇ ನಡೆಯಿತು, ವಾರಂಟ್ ಸಿಕ್ಕಿತು. 1983ರಲ್ಲಿ ಸುಪ್ರೀಂ ಕೋರ್ಟ್ ಆ ವಾರಂಟನ್ನು ಎತ್ತಿಹಿಡಿಯಿತು. ಒಳ್ಳೆಯ ಸುಳಿವು ಎಂದರೆ ಇದು. ಪೊಲೀಸರು ತಾವಾಗಿಯೇ ಹೋಗಿ ತಾಳೆ ನೋಡಬಹುದಾದದ್ದು ಅದರಲ್ಲಿರುತ್ತದೆ.

ನಿಮ್ಮ ವಿಷಯದಲ್ಲಿ ಅದು ಹೀಗಿರಬಹುದು: ಮನೆಯ ವಿಳಾಸ. ವಾರದ ಯಾವ ದಿನಗಳಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬೈಕುಗಳು ಬರುತ್ತವೆ. ಬೀದಿಯಿಂದಲೂ ಕಾಣುವಂತಿದ್ದರೆ ಒಂದೆರಡು ವಾಹನಗಳ ಸಂಖ್ಯೆ. ಗೇಟಿನ ಹತ್ತಿರ ಬರುವವರು ಮನೆಯವರೇ, ಬೇರೆಯವರೇ. ಅಪ್ರಾಪ್ತರು ಬರುತ್ತಾರೆ ಎಂಬುದು, ಹುಡುಗನ ಹೆಸರಿಲ್ಲದೆ. ಕಂಡದ್ದನ್ನು ‘ಕಂಡೆ’ ಎನ್ನಿ, ಊಹಿಸಿದ್ದನ್ನು ‘ನನ್ನ ಊಹೆ’ ಎನ್ನಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಎದುರು ಮನೆಯಲ್ಲೂ ಮನುಷ್ಯರೇ ಇದ್ದಾರೆ. ಎರಡು ನಿಮಿಷದ ಭೇಟಿಗಳು ಮನೆಯಿಂದ ನಡೆಸುವ ಸಣ್ಣ ವ್ಯಾಪಾರಕ್ಕೂ ಹೊಂದುತ್ತವೆ, ಬಾಡಿಗೆಗೆ ಪುಸ್ತಕ ಕೊಡುವವರಿಗೂ ಹೊಂದುತ್ತವೆ. ಬೇರೆ ಭಾಷೆಯವರು, ಬೇರೆ ಜಾತಿ ಧರ್ಮದವರು, ಹೊಸದಾಗಿ ಬಂದವರು ಎನ್ನುವ ಕಾರಣಕ್ಕೆ ಅನುಮಾನದ ಕಣ್ಣಿಗೆ ಬಿದ್ದವರ ಮೇಲಿನ ಸುಳಿವುಗಳು ನಮ್ಮ ಮೇಜಿಗೆ ಬೇಕಾದಷ್ಟು ಬರುತ್ತಿದ್ದವು. ಅವರ ನಡತೆಯಲ್ಲಿ ಏನು ಕಂಡಿರಿ ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ನಿಮ್ಮಲ್ಲಿ ಹಾಗಿಲ್ಲ, ಕಣ್ಣಾರೆ ಕಂಡ ವಿವರಗಳಿವೆ. ಅಷ್ಟನ್ನು ಹೇಳಿದರೆ ಸಾಕು. ಇನ್ನಷ್ಟು ತಿಳಿಯಲು ಹಿಂಬಾಲಿಸುವುದು, ಗೇಟಿನ ಬಳಿ ಸುಳಿದಾಡುವುದು, ಹುಡುಗರನ್ನು ತಡೆದು ವಿಚಾರಿಸುವುದು ಬೇಡವೇ ಬೇಡ.

ಅನುಮಾನ ತಪ್ಪಾದರೆ? ಪ್ರಾಮಾಣಿಕವಾಗಿ ಕಂಡದ್ದನ್ನು ಹೇಳಿ, ಅದು ಏನೂ ಅಲ್ಲವೆಂದು ತಿಳಿದರೆ ಅದು ಅಪರಾಧವಲ್ಲ. ಕಾನೂನು ಶಿಕ್ಷಿಸುವುದು ಸುಳ್ಳೆಂದು ಗೊತ್ತಿದ್ದೂ ಹೇಳುವುದನ್ನು. ಅನಾಮಧೇಯತೆ ಅಂಥವರಿಗೆ ಆಸರೆಯಾಗುವುದಿಲ್ಲ. ಕೆನಡಾದ ಒಂದು ಕೊಲೆ ಪ್ರಕರಣದಲ್ಲಿ, ಆರೋಪಿಯೇ ತನಿಖೆಯ ದಾರಿ ತಪ್ಪಿಸಲು ಸುಳಿವಿನ ಸಹಾಯವಾಣಿಗೆ ಕರೆ ಮಾಡಿದ್ದನೆಂದು ಸರ್ಕಾರಿ ವಕೀಲರು ವಾದಿಸಿದ್ದರು. ನ್ಯಾಯದಾನಕ್ಕೆ ಅಡ್ಡಿ ಮಾಡಲೆಂದೇ ಮಾಡಿದ ಕರೆಗೆ ಮಾಹಿತಿದಾರರ ರಕ್ಷಣೆ ಸಿಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.

ಕೋರ್ಟಿನ ಪ್ರಶ್ನೆಗೆ ಉತ್ತರ ಸುಲಭ: ಯಾರೆಂದೇ ಗೊತ್ತಿಲ್ಲದವರಿಗೆ ಸಮನ್ಸ್ ಕಳಿಸಲು ಬರುವುದಿಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಹೆಸರಿಲ್ಲದ ಸುಳಿವು ಸಾಕ್ಷ್ಯವಲ್ಲ, ತನಿಖೆಗೆ ಒಂದು ಬಾಗಿಲು ಮಾತ್ರ. ಪ್ರತ್ಯಕ್ಷದರ್ಶಿ ಇಲ್ಲದೆ ನಿಲ್ಲದ ಪ್ರಕರಣಗಳಲ್ಲಿ, ಅಥವಾ ನೀವೇ ಅನ್ಯಾಯಕ್ಕೆ ಒಳಗಾದವರಾಗಿದ್ದಲ್ಲಿ, ಇದರಿಂದ ಹೆಚ್ಚೇನೂ ಆಗದು. ಆಗ ಎರಡು ದಾರಿಗಳಿವೆ. ಒಂದು, ಗೋಪ್ಯ ಮಾಹಿತಿ ಕೊಡುವುದು. ಇಲ್ಲಿ ಒಬ್ಬ ಅಧಿಕಾರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಕಡತದಲ್ಲಿ ಇರುವುದಿಲ್ಲ. ಪೊಲೀಸರ ಮಾತಿನಲ್ಲಿ ಬಾತ್ಮೀದಾರರು ಎನ್ನುವುದು ಇಂಥವರನ್ನು. ಅವರು ಮತ್ತೆ ಸಂಪರ್ಕಿಸಬಹುದು, ಸುಳಿವಿಗೆ ತೂಕ ಹೆಚ್ಚು, ಆದರೆ ನಿಮ್ಮ ಸುರಕ್ಷತೆ ಆ ಒಬ್ಬರ ಶಿಸ್ತಿನ ಮೇಲೆ ನಿಂತಿರುತ್ತದೆ. ಅವರನ್ನು ಚೆನ್ನಾಗಿ ಬಲ್ಲದಿದ್ದರೆ ನಾನು ಸಲಹೆ ಮಾಡುವುದಿಲ್ಲ. ಇನ್ನೊಂದು, ದೂರುದಾರರಾಗಿ, ಸಾಕ್ಷಿಯಾಗಿ ಮುಂದೆ ಬಂದು ಸಾಕ್ಷಿ ರಕ್ಷಣೆ ಕೇಳುವುದು. ನಿಮ್ಮ ಪರಿಸ್ಥಿತಿಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ. ಮಾರಾಟ ಪದೇ ಪದೇ ನಡೆಯುವಂಥದ್ದು, ಪೊಲೀಸರು ತಾವೇ ಕಣ್ಣಿಟ್ಟು ಹಿಡಿಯಬಹುದು. ಹೆಸರಿಲ್ಲದ ಸುಳಿವು ಹೆಚ್ಚು ಫಲ ಕೊಡುವುದು ಇಂಥ ಅಪರಾಧಗಳಲ್ಲೇ.

ಬಹುಮಾನದ ಮಾತು ನೀವು ಎತ್ತಿಲ್ಲ, ಆದರೂ ಹೇಳಿಬಿಡುತ್ತೇನೆ. ಅನೇಕ ವ್ಯವಸ್ಥೆಗಳಲ್ಲಿ ಸಂಕೇತ ಸಂಖ್ಯೆ ತೋರಿಸಿ ಹಣ ಪಡೆಯುವ ಏರ್ಪಾಡಿದೆ. ಕೇಳಲು ಬರುವವರು ಬಹಳ ಕಡಿಮೆ. ಅಂಥ ಹಣ ಬಂದರೂ ಏಕಾಏಕಿ ಖರ್ಚು ಮಾಡಿದರೆ ಜನರ ಕಣ್ಣಿಗೆ ಬೀಳುತ್ತದೆ.

ಸುಳಿವು ಕೊಟ್ಟ ಮೇಲೆ ವಾರಗಟ್ಟಲೆ ಏನೂ ಆಗದಂತೆ ಕಾಣುತ್ತದೆ. ಇದು ಜನರನ್ನು ಅತಿ ಹೆಚ್ಚು ನಿರಾಶೆಗೊಳಿಸುತ್ತದೆ. ಪೊಲೀಸರು ಮಾರಾಟಗಾರನನ್ನು ಬಿಟ್ಟು ಅವನಿಗೆ ಮಾಲು ಕೊಡುವವನನ್ನು ಹುಡುಕುತ್ತಿರಬಹುದು, ಅಥವಾ ತಾಳೆಯಾಗಲು ಇನ್ನೊಂದು ಸುಳಿವಿಗೆ ಕಾಯುತ್ತಿರಬಹುದು. ಕಡತ ಮೂಲೆಗೆ ಬಿದ್ದಿರುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಸಂಕೇತ ಸಂಖ್ಯೆ ಇದ್ದರೆ ಅದೇ ಸಹಾಯವಾಣಿಗೆ ಮತ್ತೆ ಕರೆ ಮಾಡಿ, ಹೊಸದಾಗಿ ಕಂಡದ್ದನ್ನು ಸೇರಿಸಿ. ಠಾಣೆಗೆ ಹೋಗಿ ‘ನಾನು ಕೊಟ್ಟ ಸುಳಿವು ಏನಾಯಿತು’ ಎಂದು ಮಾತ್ರ ಕೇಳಬೇಡಿ.

ಕೊನೆಗೆ ನಿಮ್ಮ ಸಂಘದ ಪೆಟ್ಟಿಗೆ ಮತ್ತು ವಾಟ್ಸ್‌ಆ್ಯಪ್ ಗುಂಪು. ಉದ್ದೇಶ ಒಳ್ಳೆಯದೇ ಇರಬಹುದು, ಎರಡೂ ಬೇಡ ಎನ್ನುತ್ತೇನೆ. ಗೇಟಿನ ಬಳಿಯ ಪೆಟ್ಟಿಗೆಗೆ ಚೀಟಿ ಹಾಕುವವರನ್ನು ಕಾವಲುಗಾರ ನೋಡುತ್ತಾನೆ, ಸಿಸಿಟಿವಿ ನೋಡುತ್ತದೆ. ಚೀಟಿಯಲ್ಲಿ ಕೈಬರಹವಿರುತ್ತದೆ. ಬೀಗದ ಕೈ ಇರುವುದು ಸಂಘದ ಯಾರದೋ ಕೈಯಲ್ಲಿ. ಅವರಿಗೂ ಎದುರು ಮನೆಯವರಿಗೂ ಸ್ನೇಹವಿದ್ದರೆ? ವಾಟ್ಸ್‌ಆ್ಯಪ್ ಗುಂಪು ಇನ್ನೂ ಅಪಾಯಕಾರಿ. ಅಲ್ಲಿ ಹೆಸರು, ನಂಬರು, ಸಮಯ ಎಲ್ಲವೂ ಬಯಲು. ಒಬ್ಬರು ತೆಗೆದ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಎಲ್ಲಿ ಬೇಕಾದರೂ ತಲುಪುತ್ತದೆ. ಆಪಾದಿತರು ನಿರಪರಾಧಿಗಳಾಗಿದ್ದರೆ ಅವರ ಮಾನ ಹಿಂದಕ್ಕೆ ಬಾರದು, ಮಾನನಷ್ಟದ ಹೊಣೆ ಬರೆದವರ ತಲೆಯ ಮೇಲೆ ಬರುತ್ತದೆ.

ಸಂಘಕ್ಕೆ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸವಿದೆ. ತಾನು ಸುಳಿವು ಸಂಗ್ರಹಿಸದೆ, ಪೊಲೀಸರಿಂದ ಬೇರೆಯಾಗಿ ನಿಂತು ಕೆಲಸ ಮಾಡುವ ಒಂದು ಅನಾಮಧೇಯ ವ್ಯವಸ್ಥೆಯ ವಿವರವನ್ನು ಲಿಫ್ಟಿನಲ್ಲಿ, ಮೆಟ್ಟಿಲ ಬಳಿ ಅಂಟಿಸಲಿ. ಅಂಥದ್ದು ಇಲ್ಲದ ಕಡೆ ಹತ್ತಾರು ಬಡಾವಣೆಗಳ ಸಂಘಗಳು ಸೇರಿ ಪೊಲೀಸರನ್ನು ಕೇಳಿ ಒಂದನ್ನು ಆರಂಭಿಸಬಹುದು. ಕರೆ ತೆಗೆದುಕೊಳ್ಳುವವರು ಆ ಬಡಾವಣೆಗಳವರಾಗಿರಬಾರದು, ತರಬೇತಿ ಪಡೆದಿರಬೇಕು, ಪೊಲೀಸರಿಗೆ ಕಳಿಸಿದ ಮೇಲೆ ತಮ್ಮ ಬಳಿ ಏನನ್ನೂ ಉಳಿಸಿಕೊಳ್ಳಬಾರದು. ಒಂದೇ ಸಂಘ ಮಾಡಹೊರಟರೆ ‘ಸುಳಿವು ಕೊಟ್ಟವರು ಈ ನಲವತ್ತು ಮನೆಗಳಲ್ಲಿ ಒಬ್ಬರು’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಸಭೆಯಲ್ಲಿ ಇದನ್ನು ಎತ್ತುವವರು ನೀವಾಗಬೇಡಿ. ಸಂಘದಲ್ಲಿ ಇನ್ನೊಬ್ಬರಿಂದ ಹೇಳಿಸಿ, ಅದೂ ಎದುರು ಮನೆಯ ಪ್ರಸ್ತಾಪವಿಲ್ಲದೆ.

ನಿಮ್ಮ ಮಗನ ಸಹಪಾಠಿಯ ಬಗ್ಗೆ ಒಂದು ಮಾತು. ಅವನು ನಿಜಕ್ಕೂ ಕೊಳ್ಳಲು ಬರುತ್ತಿದ್ದರೆ ಅವನಿಗೆ ಮೊದಲು ಬೇಕಾದದ್ದು ಚಿಕಿತ್ಸೆ, ಹಿರಿಯರ ಆಸರೆ. ಅವನ ಹೆಸರು ಸುಳಿವಿನಲ್ಲಿ ಬೇಡ ಎಂದದ್ದು ಅದಕ್ಕೇ. ಆದರೆ ಸುಳಿವು ಕೊಟ್ಟ ವಾರವೇ ಅವನ ಅಮ್ಮನ ಹತ್ತಿರ ಹೋಗಿ ‘ನಿಮ್ಮ ಹುಡುಗನನ್ನು ಅಲ್ಲಿ ನೋಡಿದೆ’ ಎಂದರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದಕ್ಕಿಂತ ಶಾಲೆಯ ಆಪ್ತ ಸಮಾಲೋಚಕರನ್ನು ಕಂಡು, ಮನೆ, ಗೇಟು ಯಾವುದನ್ನೂ ಹೇಳದೆ, ಆ ಹುಡುಗನ ನಡವಳಿಕೆ ನೋಡಿ ಆತಂಕವಾಗಿದೆ ಎಂದಷ್ಟೇ ತಿಳಿಸಿ. ನಿಮ್ಮ ಮಗನೊಂದಿಗೂ ಮಾತಾಡಿ, ಸುಳಿವಿನ ವಿಷಯ ಬಿಟ್ಟು. ಅವನಿಗೆ ಗೊತ್ತಿಲ್ಲದಿದ್ದರೆ, ಗೆಳೆಯರು ಕೇಳಿದಾಗ ಅವನು ಮುಚ್ಚಿಡಬೇಕಾದದ್ದು ಏನೂ ಇರುವುದಿಲ್ಲ.